ಜೋನಿ ಬೆಲ್ಲ ಯಾಕೆ ಉಕ್ಕಿತು?

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: "ಮೇಳವೊಂದರಲ್ಲಿ ಶಿರಸಿ ಕಡೆಯವರಿಂದ ಎರಡು ಬಾಟಲಿ ಜೋನಿ ಬೆಲ್ಲ (ದ್ರವ ಬೆಲ್ಲ) ತಂದೆ. ಒಂದು ಚೆನ್ನಾಗಿದೆ. ಇನ್ನೊಂದರ ಮುಚ್ಚಳ ತೆಗೆದರೆ ಬುಸ್ಸೆಂದು ನೊರೆ ಉಕ್ಕಿತು. ಮೊಮ್ಮಗಳಿಗೆ ಕೊಂಡ ಚನ್ನಪಟ್ಟಣದ ಗಿಲಕಿಯನ್ನು ಸ್ಯಾನಿಟೈಸರ್ ಹಾಕಿ ಒರೆಸಿದ್ದಕ್ಕೆ ಬಣ್ಣ ಕೈಗೆ ಅಂಟಿತು. ಇಂಥ ಸಣ್ಣ ತಯಾರಕರನ್ನು ನಂಬುವುದು ಹೇಗೆ? ನಿಜವಾಗಿ ಮಾಡುವವರು ಸಿಗುವುದೆಲ್ಲಿ?"

ಸಂಪಾದಕರ ಉತ್ತರ:

ಗಿಲಕಿಯ ವಿಷಯದಲ್ಲಿ ಮಾಡಿದವರನ್ನು ದೂರುವ ಹಾಗಿಲ್ಲ. ಚನ್ನಪಟ್ಟಣದ ಆಟಿಕೆಗೆ ಕುಂಚದಲ್ಲಿ ಬಣ್ಣ ಬಳಿಯುವುದಿಲ್ಲ. ಹಾಲೆ ಮರದ ತುಂಡು ಲೇತಿನಲ್ಲಿ ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಆಮೇಲೆ ಒಣಗಿದ ತಾಳೆಗರಿ ಒತ್ತಿ ಹೊಳಪು ಬರಿಸುತ್ತಾರೆ. ಅರಗು ನೀರಿಗೆ ಜಗ್ಗುವುದಿಲ್ಲ, ಸ್ಪಿರಿಟ್ಟಿಗೆ ಕರಗುತ್ತದೆ. ಸ್ಯಾನಿಟೈಸರಿನಲ್ಲಿ ಇರುವುದು ಬಹುಪಾಲು ಅದೇ. ಅಂಟಿದ್ದು ಅರಗಿನ ಗುಣ. ಪೇಟೆಯ ಎನಾಮಲ್ ಬಣ್ಣವಾಗಿದ್ದರೆ ಇಷ್ಟು ಬೇಗ ಬಿಡುತ್ತಿರಲಿಲ್ಲ. ಒಂದು ದಿನ ಗಾಳಿಗಿಟ್ಟು, ಒಣ ಹತ್ತಿಬಟ್ಟೆಯಿಂದ ಬಿರುಸಾಗಿ ಉಜ್ಜಿ. ಹೊಳಪು ಸ್ವಲ್ಪ ಮರಳುತ್ತದೆ. ಪೂರ್ತಿ ಸರಿಯಾಗಬೇಕೆಂದರೆ ಮತ್ತೆ ಲೇತಿಗೇ ಹಾಕಬೇಕು. ಮುಂದೆ ಒದ್ದೆ ಬಟ್ಟೆಯಿಂದ ಒರೆಸಿ ತಕ್ಷಣ ಒಣಗಿಸಿದರೆ ಸಾಕು. ಕುದಿನೀರಿಗೆ ಹಾಕಲೇಬೇಡಿ, ಬಿಸಿಗೆ ಅರಗು ಮೆತ್ತಗಾಗುತ್ತದೆ.

ಆ ಗಿಲಕಿಯ ಮೇಲೆ ಐಎಸ್‌ಐ ಗುರುತು ಇಲ್ಲವೆಂದು ಗಾಬರಿಯೂ ಬೇಡ. 2021ರ ಜನವರಿಯಿಂದ ಆಟಿಕೆಗಳಿಗೆ ಅದು ಕಡ್ಡಾಯವಾದರೂ, ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳಿಗೂ ಜಿಐ (ಭೌಗೋಳಿಕ ಸೂಚಕ) ಪಡೆದ ಆಟಿಕೆಗಳ ಅಧಿಕೃತ ಬಳಕೆದಾರರಿಗೂ ವಿನಾಯಿತಿ ಇದೆ. ಆದ್ದರಿಂದ ಆ ನೋಂದಣಿ ಕೇಳಿ. ಇನ್ನೊಂದು ಗುರುತು ಆಕಾರದಲ್ಲೇ ಇದೆ. ಲೇತಿನಲ್ಲಿ ಕಡೆದದ್ದು ದುಂಡಗೇ ಇರುತ್ತದೆ. ಚಪ್ಪಟೆ ಹಲಗೆ ಕೊಯ್ದು ಮಾಡಿದ ಗೊಂಬೆ ಹೆದ್ದಾರಿಯ ಅದೇ ಅಂಗಡಿಯಲ್ಲಿ ಸಿಕ್ಕರೂ ಅದರ ಬಣ್ಣ ಬೇರೆ ಜಾತಿಯದು. ಮಗು ಬಾಯಿಗಿಡುವ ವಯಸ್ಸಾಗಿದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ.

ಇನ್ನು ಬೆಲ್ಲ. ಇಲ್ಲಿ ನಿಮ್ಮ ದೂರಿನಲ್ಲಿ ಹುರುಳಿದೆ. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯುವಾಗ ಜೋನಿ ಬೆಲ್ಲವನ್ನು ಸುಮಾರು 105–106 ಡಿಗ್ರಿಯಲ್ಲಿ ಇಳಿಸುತ್ತಾರೆ. ಅಚ್ಚು ಬೆಲ್ಲಕ್ಕೆ ಇನ್ನೂ ಹತ್ತು ಡಿಗ್ರಿಯಷ್ಟು ಮೇಲೇರಬೇಕು. ತುಸು ಮುಂಚೆ ಇಳಿಸಿದರೂ ನೀರಿನಂಶ ಹೆಚ್ಚು ಉಳಿದು ಯೀಸ್ಟ್ ಬೆಳೆಯುತ್ತದೆ. ಆದರೆ ನಿಮ್ಮ ಎರಡು ಬಾಟಲಿಗಳು ಒಂದೇ ಕೊಪ್ಪರಿಗೆಯವಾದರೆ ಪಾಕದ ಮೇಲೆ ನಮಗೆ ಅಷ್ಟು ಅನುಮಾನವಿಲ್ಲ, ಬಾಟಲಿ ತುಂಬಿದ ರೀತಿಯ ಮೇಲಿದೆ. ಬೆಚ್ಚಗಿರುವಾಗಲೇ ತುಂಬಿ ಬಿರಡೆ ಬಿಗಿದರೆ ಆವಿ ಮುಚ್ಚಳದ ಒಳಗೆ ಹನಿಗಟ್ಟಿ ಬೆಲ್ಲದ ಮೇಲೆ ಇಳಿಯುತ್ತದೆ. ಮೇಲಿನ ಒಂದು ಎಳೆಯಷ್ಟು ಪದರ ತೆಳ್ಳಗಾಗುತ್ತದೆ, ಹುಳಿಯುವುದು ಅಲ್ಲಿಂದಲೇ ಶುರು. ಅರ್ಧ ಒಣಗಿದ ಬಾಟಲಿ, ಒದ್ದೆ ಚಮಚ ಕೂಡ ಇದೇ ಕೆಲಸ ಮಾಡುತ್ತವೆ. ಸಣ್ಣ ಗುಳ್ಳೆ ಕಂಡಿದ್ದು ವಾಸನೆ ಕೆಟ್ಟಿಲ್ಲವಾದರೆ ದಪ್ಪ ತಳದ ಪಾತ್ರೆಯಲ್ಲಿ ಕುದಿಸಿ, ನೊರೆ ತೆಗೆದು, ಪೂರ್ತಿ ಆರಿದ ಮೇಲೆ ಒಣ ಬಾಟಲಿಗೆ ಹಾಕಿ. ನಿಮ್ಮದು ಬುಸ್ಸೆಂದು ಉಕ್ಕಿದೆ, ಹುಳಿ ವಾಸನೆಯೂ ಇದ್ದೀತು, ಅದನ್ನು ತಿನ್ನಬೇಡಿ. ಕೈತೋಟವಿದ್ದರೆ ಜೀವಾಮೃತ ಎಂಬ ದ್ರವ ಗೊಬ್ಬರಕ್ಕೆ ಸುರಿಯಿರಿ.

ತಳದಲ್ಲಿ ಹರಳು ಕೂತರೆ ಮಾತ್ರ ಸಕ್ಕರೆ ಬೆರೆಸಿದ್ದಾರೆಂದು ಜಗಳಕ್ಕೆ ಹೋಗಬೇಡಿ. ಕಬ್ಬಿನ ಸಕ್ಕರೆಯೇ ಹರಳುಗಟ್ಟುತ್ತದೆ, ಬಾಟಲಿಯನ್ನು ಬಿಸಿನೀರಿನಲ್ಲಿ ಇಟ್ಟರೆ ಕರಗುತ್ತದೆ. ಅನುಮಾನಪಡಬೇಕಾದ್ದು ತೀರಾ ತಿಳಿ ಹಳದಿ ಬಣ್ಣವನ್ನು. ಬೆಲ್ಲ ಬೆಳ್ಳಗಾಗಲೆಂದು ಹೈಡ್ರೋಸ್ ಎಂಬ ಬಿಳುಪಿಸುವ ರಾಸಾಯನಿಕ ಹಾಕುವ ರೂಢಿ ಇನ್ನೂ ಹೋಗಿಲ್ಲ. ದರವನ್ನೂ ತೂಗಿ ನೋಡಿ. ಒಂದು ಟನ್ ಕಬ್ಬಿಗೆ ಅಚ್ಚು ಬೆಲ್ಲ ಸಿಗುವುದು ಹೆಚ್ಚುಕಡಿಮೆ 100 ಕೆಜಿ. ಜೋನಿಯಲ್ಲಿ ನೀರಿರುವುದರಿಂದ ತೂಕ ಇನ್ನಷ್ಟು ಬರುತ್ತದೆ. ಆ ಲೆಕ್ಕಕ್ಕೂ ನಿಲುಕದಷ್ಟು ಅಗ್ಗಕ್ಕೆ ಯಾರಾದರೂ ಕೊಟ್ಟರೆ ಕಬ್ಬಿನ ಜೊತೆ ಮತ್ತೇನು ಹಾಕಿದಿರಿ ಎಂದು ಕೇಳಬೇಕಾಗುತ್ತದೆ.

ಮಾಡುವವರನ್ನು ಹುಡುಕುವ ಪ್ರಶ್ನೆಗೂ ನಮ್ಮ ಉತ್ತರ ಇಂಥ ಕೇಳುವಿಕೆಯೇ. ಒಂದೇ ಮಳಿಗೆಯಲ್ಲಿ ಬೆಲ್ಲ, ಕೌದಿ, ಗೊಂಬೆ, ಉಪ್ಪಿನಕಾಯಿ ಎಲ್ಲ ಇದ್ದರೆ ಅವರು ವ್ಯಾಪಾರಿಗಳು. ಅದರಲ್ಲಿ ತಪ್ಪೇನಿಲ್ಲ, ಆದರೆ "ಯಾವ ತಿಂಗಳು ಇಳಿಸಿದ್ದು? ಆರಿಸಿ ತುಂಬಿದಿರಾ?" ಎಂದರೆ ಅವರಲ್ಲಿ ಉತ್ತರವಿರುವುದು ಅಪರೂಪ. ಸ್ವಸಹಾಯ ಸಂಘಗಳ ಸರಸ್ ಮೇಳಗಳಲ್ಲಿ, ಮಲೆನಾಡಿನ ಸಹಕಾರಿ ಸಂಘಗಳ ಮಳಿಗೆಗಳಲ್ಲಿ, ಚನ್ನಪಟ್ಟಣದಲ್ಲಾದರೆ ಹೆದ್ದಾರಿ ಬಿಟ್ಟು ಕಲಾನಗರದ ಒಳಗೆ ವಿಚಾರಿಸಿ. ತಿನ್ನುವ ಪದಾರ್ಥವಾದರೆ ಲೇಬಲ್ಲಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರಬೇಕು. ಮನೆಯಲ್ಲಿ ಮಾಡಿ ಮಾರುವವರಿಗೂ ನೋಂದಣಿ ತಪ್ಪಿದ್ದಲ್ಲ.

ಕಾಲವನ್ನೂ ಗಮನಿಸಿ. ಶಿರಸಿ ಕಡೆ ಆಲೆಮನೆ ನಡೆಯುವುದು ಹೆಚ್ಚಾಗಿ ಸಂಕ್ರಾಂತಿಯ ಆಸುಪಾಸಿನಿಂದ ಬೇಸಿಗೆಯ ಮೊದಲ ದಿನಗಳವರೆಗೆ. ನವೆಂಬರಿನಲ್ಲಿ "ಹೊಸ ಜೋನಿ ಬೆಲ್ಲ" ಎಂದರೆ ನಂಬುವುದು ಕಷ್ಟ. ಉಪ್ಪಿನಕಾಯಿಗೆ ಹಾಕುವ ಎಳೆ ಮಾವು ಅಪ್ಪೆಮಿಡಿಯ ನ್ಯಾಯ ಬೇರೆ. ಮಿಡಿ ಸಿಗುವುದು ಬೇಸಿಗೆಯಲ್ಲಾದರೂ ಉಪ್ಪುನೀರಿನಲ್ಲಿ ಹಾಕಿಟ್ಟುಕೊಂಡು ವರ್ಷವಿಡೀ ಮಸಾಲೆ ಅರೆದು ಕಲೆಸುತ್ತಾರೆ, ಆದ್ದರಿಂದ ನವೆಂಬರಿನಲ್ಲಿ "ಹೊಸದಾಗಿ ಕಲೆಸಿದ್ದು" ಎಂಬುದು ಸುಳ್ಳಲ್ಲ. ಅಲ್ಲಿ ನೋಡಬೇಕಾದ್ದು ತೊಟ್ಟು. ಮರದಿಂದ ಜೋಪಾನವಾಗಿ ಇಳಿಸಿ ತೊಟ್ಟು ಉಳಿಸಿಕೊಂಡ ಮಿಡಿ ಗಟ್ಟಿಯಾಗಿರುತ್ತದೆ. ನೆಲಕ್ಕೆ ಬಿದ್ದು ಪೆಟ್ಟಾದದ್ದು ಬಾಯಲ್ಲಿ ಹಿಟ್ಟಾಗುತ್ತದೆ. ಮನೆಗೆ ತಂದ ಮೇಲೆ ಮಿಡಿಗಳು ರಸದಲ್ಲಿ ಮುಳುಗಿರಲಿ, ತಲೆ ಎತ್ತಿದ ಮಿಡಿಗೇ ಮೊದಲು ಬೂಸಲು ಹಿಡಿಯುವುದು.

ಉಕ್ಕಿದ ಬಾಟಲಿಯ ಫೋಟೊವನ್ನು ಲೇಬಲ್ಲಿನ ನಂಬರಿಗೆ ಕಳಿಸಿ, ಆರಿಸಿ ತುಂಬಿದ್ದಿರಾ ಎಂದು ಕೇಳಿ. ಬದಲಿ ಬಾಟಲಿ ಕೊಡುವವರೂ ಇದ್ದಾರೆ. ಕೊರಿಯರಿನಲ್ಲಿ ಕಳಿಸುತ್ತೇವೆಂದರೆ ಗಾಜು ಬೇಡ, ಸೀಲ್ ಮಾಡಿದ ಪ್ಲಾಸ್ಟಿಕ್ ಕ್ಯಾನಿನಲ್ಲಿ ಕಳಿಸಲು ಹೇಳಿ.