ಕಳ್ಳ ಬೆನ್ನು ತಿರುಗಿಸಿದ ಮೇಲಿನ ಏಟು

ಪ್ರಶ್ನೆ: ರಾತ್ರಿ ಮನೆಗೆ ನುಗ್ಗಿದ ಕಳ್ಳನಿಗೆ ಹೊಡೆದಾಗ ಅವನು ಸತ್ತರೆ ನಮ್ಮ ಮೇಲೆ ಕೊಲೆ ಕೇಸು ಬೀಳುತ್ತದೆಯೇ? ಓಡುತ್ತಿರುವವನನ್ನು ಅಟ್ಟಿಸಿಕೊಂಡು ಹೋಗಿ ಹೊಡೆಯಬಹುದೇ?

ಉತ್ತರ: ಜೀವ ಹೋಗಿದೆ ಅಂದ ಮೇಲೆ ಎಫ್‌ಐಆರ್ ಆಗುತ್ತದೆ, ತನಿಖೆಯೂ ನಡೆಯುತ್ತದೆ. ಆದರೆ ಕೇಸು ಬಿದ್ದ ಮಾತ್ರಕ್ಕೆ ಅಪರಾಧಿ ಆದಿರಿ ಎಂದಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ಆತ್ಮರಕ್ಷಣೆಯ ಹಕ್ಕನ್ನು ಕೊಡುತ್ತವೆ. ಸಾವು, ಭಾರೀ ಗಾಯ, ಅತ್ಯಾಚಾರ, ಅಪಹರಣ, ಆ್ಯಸಿಡ್ ದಾಳಿ ಇಂಥವುಗಳ ಭಯ ಎದುರಾದಾಗ ದಾಳಿಕೋರನ ಪ್ರಾಣ ಹೋದರೂ 38ನೇ ಕಲಂ ನಿಮ್ಮ ಬೆನ್ನಿಗಿರುತ್ತದೆ. ಸುಲಿಗೆ, ಮನೆಗೆ ಬೆಂಕಿ ಹಚ್ಚುವುದು, ರಾತ್ರಿ ಕನ್ನ ಹಾಕುವುದು 41ನೇ ಕಲಮಿನಲ್ಲಿ ಬರುತ್ತವೆ.

ಈ ‘ಕನ್ನ’ ಎಂಬ ಮಾತಿನಲ್ಲೇ ಅನೇಕರು ಎಡವುತ್ತಾರೆ. ಬೀಗ ಮುರಿದು, ಕಿಟಕಿ ಸರಳು ಬಗ್ಗಿಸಿ, ಗೋಡೆ ಹತ್ತಿ ಒಳಬಂದರೆ ಅದು ಕನ್ನ. ತೆರೆದಿಟ್ಟ ಮುಂಬಾಗಿಲಿನಿಂದ ಸುಮ್ಮನೆ ನಡೆದು ಬಂದು ಮೊಬೈಲ್ ಎತ್ತಿಕೊಂಡವನದು ಅತಿಕ್ರಮಣ ಮತ್ತು ಕಳವು ಅಷ್ಟೆ. ನಿಮ್ಮ ಜೀವಕ್ಕೆ ಅಪಾಯ ಅಥವಾ ಭಾರೀ ಗಾಯದ ಭಯ ಹುಟ್ಟಿಸದ ಹೊರತು ಅವನ ಪ್ರಾಣ ತೆಗೆಯುವಷ್ಟು ಹಕ್ಕು ನಿಮಗಿಲ್ಲ. ಕನ್ನ ಹಾಕಿಯೇ ಬಂದಿದ್ದರೂ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ.

ಈಗ ಅಟ್ಟಿಸಿಕೊಂಡು ಹೋಗುವ ಮಾತು. ಮಚ್ಚು ಹಿಡಿದು ಮೈಮೇಲೆ ಬಿದ್ದವನಿಗೆ ದೊಣ್ಣೆಯಿಂದ ಬಾರಿಸಿದಿರಿ, ಮಚ್ಚು ಕೆಳಗೆ ಬಿತ್ತು, ಅವನು ಬಾಗಿಲ ಕಡೆ ಓಡಿದ. ಮೊದಲ ಏಟು ರಕ್ಷಣೆ. ಹೊಸಿಲು ದಾಟಿ ಓಡುತ್ತಿರುವವನ ಹಿಂದಲೆಗೆ ಹಾಕಿದ ಎರಡನೆಯ ಏಟು ಸೇಡು. ಹಕ್ಕು ಹುಟ್ಟುವುದೂ ಮುಗಿಯುವುದೂ ಅಪಾಯದ ಜೊತೆಗೇ. ಮರಣೋತ್ತರ ಪರೀಕ್ಷೆಯ ವರದಿಯಲ್ಲಿ ಗಾಯ ಎದುರಿಗಿದೆಯೋ ಹಿಂದಿದೆಯೋ, ಎಷ್ಟಿವೆ ಎಂಬುದನ್ನು ನ್ಯಾಯಾಲಯ ನೋಡಿಯೇ ನೋಡುತ್ತದೆ. ಹಿಡಿದು ಕಂಬಕ್ಕೆ ಕಟ್ಟಿದ ಮೇಲೆ ಹೊಡೆಯುವುದಕ್ಕಂತೂ ಕಾನೂನಿನಲ್ಲಿ ಯಾವ ರಕ್ಷಣೆಯೂ ಇಲ್ಲ.

ಹಾಗೆಂದು ಪ್ರತಿ ಏಟನ್ನೂ ಚಿನ್ನ ತೂಗುವ ತಕ್ಕಡಿಯಲ್ಲಿ ಇಡುವುದಿಲ್ಲ. ಗಾಬರಿಯಲ್ಲಿರುವವನು ಅಳೆದು ಸುರಿದು ಹೊಡೆಯಲಾರ, ಓಡಿಹೋಗಲೇಬೇಕೆಂದೂ ಇಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 2010ರಲ್ಲಿ ದರ್ಶನ್ ಸಿಂಗ್ ಪ್ರಕರಣದಲ್ಲಿ ಒಪ್ಪಿದೆ. ಸದ್ಭಾವನೆಯಿಂದ, ಪೂರ್ವಯೋಜನೆಯಿಲ್ಲದೆ ಮಿತಿ ಮೀರಿದ್ದರೆ ಅದು ಕೊಲೆಯಾಗದೆ, ಕೊಲೆಯಲ್ಲದ ನರಹತ್ಯೆಯಾಗಬಹುದು. ಆಗಲೂ 105ನೇ ಕಲಮಿನಡಿ ಶಿಕ್ಷೆ ಚಿಕ್ಕದಲ್ಲ.

ಆತ್ಮರಕ್ಷಣೆ ಎಂದು ತೋರಿಸುವ ಹೊರೆ ನಿಮ್ಮದು. ಆದರೆ ಅನುಮಾನಕ್ಕೆ ಎಡೆಯಿಲ್ಲದಂತೆ ಸಾಬೀತುಪಡಿಸಬೇಕಿಲ್ಲ, ಹಾಗೆ ನಡೆದಿರುವ ಸಂಭವವೇ ಹೆಚ್ಚು ಎನ್ನಿಸಿದರೆ ಸಾಕು. ಅದಕ್ಕೆ ಬೇಕಾದದ್ದು ಅದೇ ರಾತ್ರಿ ಸಿಗುತ್ತದೆ, ಇಲ್ಲವೇ ಕೈತಪ್ಪುತ್ತದೆ. 112ಕ್ಕೆ ಕರೆ ಮಾಡಿ, ಗಾಯಗೊಂಡವನಿಗೆ ಆಂಬುಲೆನ್ಸ್ ಕೇಳಿ. ಮುರಿದ ಚಿಲಕ, ಬಿದ್ದ ಮಚ್ಚು, ರಕ್ತದ ಕಲೆ ಮಹಜರು ಆಗುವವರೆಗೂ ಇದ್ದಲ್ಲೇ ಇರಲಿ. ನೆಲ ಒರೆಸಬೇಡಿ, ಬಟ್ಟೆ ಒಗೆಯಬೇಡಿ. ನಿಮ್ಮ ಮುಂಗೈ ಮೇಲೆ ಬರಿ ಗೀರು ಇದ್ದರೂ ಆಸ್ಪತ್ರೆಗೆ ಹೋಗಿ, ಹೇಗಾಯಿತೆಂದು ವೈದ್ಯರಿಗೆ ಹೇಳಿ, ಗಾಯದ ಪ್ರಮಾಣಪತ್ರದಲ್ಲಿ ಬರೆಸಿಕೊಳ್ಳಿ. ಏಟು ತಡೆಯುವಾಗ ಮುಂಗೈಗೆ ಆಗುವ ಗಾಯ ಯಾವ ಸಾಕ್ಷಿಗಿಂತಲೂ ಚೆನ್ನಾಗಿ ಮಾತಾಡುತ್ತದೆ. ಭಯಕ್ಕೆ ‘ಅವನೇ ಜಾರಿ ಬಿದ್ದ’ ಎಂದು ಸುಳ್ಳು ಹೇಳಿದರೆ, ಮುಂದೆ ನಿಜ ಹೇಳಿದಾಗ ಯಾರೂ ನಂಬುವುದಿಲ್ಲ. ವಿವರವಾದ ಹೇಳಿಕೆಗೆ ಮುಂಚೆ ವಕೀಲರನ್ನು ಕಾಣುವ ಹಕ್ಕನ್ನು ಬಳಸಿಕೊಳ್ಳಿ.

ಪ್ರಶ್ನೆ: ಕಳ್ಳರ ಕಾಟ ತಡೆಯಲು ಕಾಂಪೌಂಡಿಗೆ ಕರೆಂಟು ತಂತಿ ಎಳೆಯಬಹುದೇ?

ಉತ್ತರ: ಖಂಡಿತ ಬೇಡ. ಬಿಹಾರದಲ್ಲಿ ಒಬ್ಬರು ತಮ್ಮ ಶೌಚಾಲಯವನ್ನು ಬೇರೆಯವರು ಬಳಸದಿರಲೆಂದು ಎಚ್ಚರಿಕೆಯ ಫಲಕವನ್ನೂ ಹಾಕದೆ ಕರೆಂಟು ಹರಿಸಿದ ಬರಿ ತಂತಿ ಕಟ್ಟಿದ್ದರು, ಮಹಿಳೆಯೊಬ್ಬರು ಸತ್ತರು. ಅವರು ಅನುಮತಿಯಿಲ್ಲದೆ ಬಂದವರೇ ಆದರೂ ಮಾಲೀಕನಿಗೆ ಆದ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 1963ರಲ್ಲಿ ಎತ್ತಿಹಿಡಿಯಿತು. ಚೆಂಡು ಹುಡುಕಿಕೊಂಡು ಬಂದ ಮಗುವೂ ಮಚ್ಚು ಹಿಡಿದು ಬಂದವನೂ ತಂತಿಗೆ ಒಂದೇ.