ಕಸ್ಟಮ್ ಎಲೆಕ್ಟ್ರಿಕ್ ಗಿಟಾರ್‌ಗೆ 6 ಮಿ.ಮೀ. ಟಾಪ್ (ಬಾಡಿಯ ಮೇಲೆ ಅಂಟಿಸುವ ಚೆಂದದ ಮರದ ಪದರ) ಹಾಕಿಸುತ್ತಿದ್ದೇನೆ. ಪಟ್ಟೆಪಟ್ಟೆಯ ಫ್ಲೇಮ್ ಮೇಪಲ್, ಗುಳ್ಳೆಗುಳ್ಳೆಯ ಕ್ವಿಲ್ಟೆಡ್ ಮೇಪಲ್, ಯಾವುದರ ಸೌಂಡ್ ಚೆನ್ನಾಗಿರುತ್ತದೆ?

ನನ್ನ ಮೊದಲ ಗಿಟಾರ್ ಮಾಡಿಸುವಾಗ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ. ಕೊನೆಗೆ ಕ್ವಿಲ್ಟೆಡ್ ತಗೊಂಡೆ. ಮರ ಒಳ್ಳೆಯದೇ ಬಂತು. ಹಾಳು ಮಾಡಿದ್ದು ನಾನು.

ಒಂದೇ ಹಲಗೆಯನ್ನು ಎರಡು ಪದರವಾಗಿ ಸೀಳಿ, ಪುಸ್ತಕ ತೆರೆದ ಹಾಗೆ ಬಿಡಿಸಿ ಜೋಡಿಸುತ್ತಾರೆ. ಬುಕ್‌ಮ್ಯಾಚ್ ಅಂದರೆ ಅದೇ. ಆದರೆ ಈ ಪುಸ್ತಕಕ್ಕೆ ಬೆನ್ನು ಎರಡೂ ಕಡೆ ಇದೆ. ಎಡ ಅಂಚು ಸೇರಿಸಿ ಅಂಟಿಸಬಹುದು, ಬಲ ಅಂಚು ಸೇರಿಸಿಯೂ ಅಂಟಿಸಬಹುದು. ಬರುವ ಚಿತ್ರ ಮಾತ್ರ ಪೂರ್ತಿ ಬೇರೆ. ನನ್ನ ಹಲಗೆಯ ಒಂದು ಅಂಚಿನಲ್ಲಿ ನೀರು ಕುದಿಯುವ ಹಾಗೆ ಗುಳ್ಳೆಗುಳ್ಳೆ ಕ್ವಿಲ್ಟ್ ಇತ್ತು. ಆ ಕಡೆ ಅಂಚಿಗೆ ಹೋಗುತ್ತಾ ಸಪ್ಪೆ. "ಚೆಂದದ್ದು ನಡುವೆ ಬರಲಿ" ಅಂದೆ. ಮಾಡುವವರು "ಇನ್ನೊಂದ್ಸಲ ಯೋಚನೆ ಮಾಡಿ ಸರ್" ಅಂದರು. "ಇಲ್ಲ, ಅಂಟಿಸಿ" ಅಂದೆ.

ಗಿಟಾರ್ ನಡುವೆ ಏನಿರುತ್ತದೆ ಹೇಳಿ? ಮೊದಲು ನೆಕ್ ಕೂರುವ ಜಾಗ ಕೊರೆದರು. ಆಮೇಲೆ ಎರಡು ಹಂಬಕರ್ ಪಿಕಪ್‌ಗೆ (ತಂತಿಯ ಅದುರುವಿಕೆ ಹಿಡಿಯುವ ಸಾಧನ) ಎರಡು ಗುಂಡಿ, ಒಂದೊಂದೂ ಸುಮಾರು 70 ಮಿ.ಮೀ. ಉದ್ದ, 38 ಮಿ.ಮೀ. ಅಗಲ. ಅವುಗಳ ಸುತ್ತ ಪ್ಲಾಸ್ಟಿಕ್ ರಿಂಗ್. ಅದರ ಕೆಳಗೆ ತಂತಿ ಕೂರುವ ಬ್ರಿಡ್ಜ್, ತಂತಿಯ ತುದಿ ಸಿಕ್ಕಿಸುವ ಟೇಲ್‌ಪೀಸ್. ನಾನು ಯಾವ ಗುಳ್ಳೆಗಳಿಗೆ ದುಡ್ಡು ಕೊಟ್ಟಿದ್ದೆನೋ ಅವೆಲ್ಲ ಗುಂಡಿ ಕೊರೆಯುವ ರೌಟರ್‌ಗೆ ಸಿಕ್ಕಿ ಪುಡಿಯಾಗಿ ನೆಲಕ್ಕೆ ಬಿದ್ದವು. ಎದ್ದು ಕಾಣುವ ಜಾಗ ಬಾಡಿಯ ಎರಡು ಪಕ್ಕಗಳು, ಅಲ್ವಾ? ಅಲ್ಲೆಲ್ಲ ಸಪ್ಪೆ ಮರ. ಅದೇ ತುಂಡುಗಳನ್ನು ಇನ್ನೊಂದು ಅಂಚಿಗೆ ಜೋಡಿಸಿದ್ದರೆ ಕ್ವಿಲ್ಟ್ ಪೂರ್ತಿ ಪಕ್ಕಗಳಿಗೆ ಬರುತ್ತಿತ್ತು. ಒಂದು ಪೈಸೆ ಜಾಸ್ತಿ ಖರ್ಚಿರಲಿಲ್ಲ. ಅಂಟು ಒಣಗಿದ ಮೇಲೆ ಯಾರಿಗೆ ಹೇಳೋಣ?

ಇನ್ನು ಸೌಂಡ್. ಆ ಯೋಚನೆ ಬಿಟ್ಟುಬಿಡಿ. ಫ್ಲೇಮ್, ಕ್ವಿಲ್ಟ್ ಅನ್ನುವುದು ಮೇಪಲ್ ನಾರು ಅಲೆಅಲೆಯಾಗಿ ಬೆಳೆದಾಗ ಬೆಳಕು ಆಡುವ ಆಟ. ಪಿಕಪ್ ಹಿಡಿಯುವುದು ತಂತಿಯ ಅದುರುವಿಕೆಯನ್ನು. 1958ರಿಂದ 1960ರವರೆಗಿನ ಹೆಸರಾಂತ ಗಿಬ್ಸನ್ ಲೆಸ್ ಪಾಲ್ ಸನ್‌ಬರ್ಸ್ಟ್ ಗಿಟಾರ್‌ಗಳಲ್ಲೂ ಪಟ್ಟೆ ಸರಿಯಾಗಿ ಕಾಣದ ಟಾಪ್‌ಗಳಿವೆ. ಅವನ್ನು ಯಾರೂ ಸೌಂಡ್ ಸಾಲದು ಅಂತ ಮೂಲೆಗೆ ಹಾಕಿಲ್ಲ.

ಅದರ ಬದಲು ಒಂದು ಪಾರದರ್ಶಕ ಹಾಳೆಯಲ್ಲಿ ಬಾಡಿಯ ಆಕಾರ ಬರೆಯಿರಿ. ನೆಕ್, ಪಿಕಪ್, ಬ್ರಿಡ್ಜ್ ಬರುವ ಜಾಗಕ್ಕೆ ಕಪ್ಪು ಬಳಿಯಿರಿ. ಒಂದು ತುಂಡಿನ ಅಂಚಿಗೆ ಕನ್ನಡಿ ನಿಲ್ಲಿಸಿ ನೋಡಿ, ಜೋಡಿ ಹೇಗೆ ಕಾಣುತ್ತದೆಂದು ಗೊತ್ತಾಗುತ್ತದೆ. ಆಮೇಲೆ ಇನ್ನೊಂದು ಅಂಚಿಗೂ ನಿಲ್ಲಿಸಿ. ಎರಡರ ಮೇಲೂ ಹಾಳೆ ಇಟ್ಟು ನೋಡಿ. ಫೋಟೋ ನೋಡಿ ಕೊಳ್ಳುವುದಾದರೆ ಒಣ ಮರದ ಫೋಟೋ ಕೇಳಿ. ಒದ್ದೆ ಮಾಡಿದರೆ ಸುಮಾರಾದ ಮರವೂ ಮಿಂಚುತ್ತದೆ. ಮರ ಬಂದ ತಕ್ಷಣ ಅಂಟಿಸಬೇಡಿ, ಕೆಲವು ವಾರ ಗಿಟಾರ್ ಮಾಡುವ ಜಾಗದ ಹವೆಗೆ ಹೊಂದಿಕೊಳ್ಳಲಿ.

ಮೊದಲ ಗಿಟಾರ್ ಆದರೆ ನಾನು ಫ್ಲೇಮನ್ನೇ ಹೇಳುತ್ತೇನೆ. ಅಂಚಿನಿಂದ ಅಂಚಿಗೆ ಸಮನಾಗಿ ಪಟ್ಟೆ ಇರುವ ತುಂಡು ಸಿಕ್ಕರೆ ಯಾವ ಕಡೆ ಜೋಡಿಸಿದರೂ ನಷ್ಟ ಕಮ್ಮಿ. ಒಂದು ಅರ್ಧ ಹೊಳೆದು ಇನ್ನೊಂದು ಮಂಕಾಗಿ ಕಂಡರೆ ಗಾಬರಿ ಬೇಡ. ಗಿಟಾರ್ ತಿರುಗಿಸಿದರೆ ಅದೇ ಅದಲುಬದಲಾಗುತ್ತದೆ.

ನನ್ನ ಕ್ವಿಲ್ಟ್ ಗಿಟಾರ್ ಇನ್ನೂ ಇದೆ. ಪಿಕಪ್ ರಿಪೇರಿಗೆ ಅಂತ ರಿಂಗ್ ಬಿಚ್ಚಿದಾಗ ಅದರ ಕೆಳಗೆ ಬೆರಳಗಲದಷ್ಟು ಗುಳ್ಳೆ ಕಾಣುತ್ತದೆ.