ಆರ್ಬಿಟ್ರೇಷನ್‌ನಲ್ಲಿ ಗುಟ್ಟಾಗಿದ್ದ ಕಾಗದ ಕೋರ್ಟಿಗೆ ಬಂದರೆ?

ಪ್ರಶ್ನೆ: ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಸಣ್ಣ ಕಾರ್ಖಾನೆ ನನ್ನದು. ದೊಡ್ಡ ಗಿರಾಕಿಯೊಬ್ಬರ ಜೊತೆಗಿದ್ದ ಬಾಕಿ ಹಣದ ವ್ಯಾಜ್ಯ ಆರ್ಬಿಟ್ರೇಷನ್‌ಗೆ ಹೋಗಿ ಅವಾರ್ಡ್ (ಆರ್ಬಿಟ್ರೇಟರ್ ಕೊಡುವ ತೀರ್ಮಾನ) ನನ್ನ ಪರವಾಗಿ ಬಂತು. ಅದನ್ನು ರದ್ದುಮಾಡಬೇಕೆಂದು ಅವರು ಬೆಂಗಳೂರಿನ ವಾಣಿಜ್ಯ ನ್ಯಾಯಾಲಯಕ್ಕೆ ಹೋಗಿದ್ದಾರೆ. ಅರ್ಜಿಯ ಜೊತೆ ನನ್ನ ಕಾಸ್ಟಿಂಗ್ ಶೀಟ್, ಉಳಿದ ಗಿರಾಕಿಗಳಿಗೆ ಕೊಟ್ಟ ದರಪಟ್ಟಿ ಎಲ್ಲವನ್ನೂ ಲಗತ್ತಿಸಿದ್ದಾರೆ. ಆರ್ಬಿಟ್ರೇಷನ್ ಗೌಪ್ಯ ಅಂದಿದ್ದರಲ್ಲ, ಈಗ ಯಾರು ಬೇಕಾದರೂ ಇದನ್ನು ನೋಡಬಹುದೇ? ಬ್ಯಾಂಕಿನವರೂ ಅವಾರ್ಡ್ ಪ್ರತಿ ಕೇಳುತ್ತಿದ್ದಾರೆ, ಕೊಡಬಹುದೇ?

ಉತ್ತರ: ನೀವು ಆರ್ಬಿಟ್ರೇಷನ್ ಎಂದೇ ಬರೆದದ್ದು ಒಳ್ಳೆಯದಾಯಿತು. ಕನ್ನಡದಲ್ಲಿ ಆರ್ಬಿಟ್ರೇಷನ್, ಮೀಡಿಯೇಷನ್ ಎರಡಕ್ಕೂ ಮಧ್ಯಸ್ಥಿಕೆ ಎಂದು ಬರೆದು ಗೊಂದಲ ಮಾಡಿಕೊಂಡಿದ್ದೇವೆ. ಮೊದಲನೆಯದರಲ್ಲಿ ಕೋರ್ಟಿನ ಹೊರಗೆ ಆರ್ಬಿಟ್ರೇಟರ್ ವ್ಯಾಜ್ಯವನ್ನು ತೀರ್ಮಾನಿಸುತ್ತಾರೆ, ಎರಡನೆಯದರಲ್ಲಿ ಮಧ್ಯವರ್ತಿ ರಾಜಿಗೆ ನೆರವಾಗುತ್ತಾರಷ್ಟೇ. ಮೀಡಿಯೇಷನ್‌ನಲ್ಲಿ ಆಡಿದ ಮಾತನ್ನು ಕೋರ್ಟಿನಲ್ಲಿ ಸಾಕ್ಷ್ಯವಾಗಿ ತರಬಾರದೆಂದು 2023ರ ಮೀಡಿಯೇಷನ್ ಕಾಯ್ದೆಯಲ್ಲೇ ಬರೆದಿದೆ. ಆರ್ಬಿಟ್ರೇಷನ್‌ಗೆ ಅಷ್ಟು ಗಟ್ಟಿ ಬೇಲಿ ಇಲ್ಲ.

ನಿಮಗೆ ಹೇಳಿದ ಗೌಪ್ಯತೆ 1996ರ ಆರ್ಬಿಟ್ರೇಷನ್ ಕಾಯ್ದೆಯ ಸೆಕ್ಷನ್ 42ಎಯದು. ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿಯ ಶಿಫಾರಸಿನ ನಂತರ, 2019ರ ತಿದ್ದುಪಡಿಯಲ್ಲಿ ಸೇರಿದ್ದು. ಆರ್ಬಿಟ್ರೇಟರ್, ಆರ್ಬಿಟ್ರೇಷನ್ ಸಂಸ್ಥೆ ಮತ್ತು ಪಕ್ಷಗಾರರು ಕಲಾಪವನ್ನು ಗೌಪ್ಯವಾಗಿಡಬೇಕು. ಜಾರಿಗೆ ಬೇಕಾದಾಗ ಅವಾರ್ಡನ್ನು ಮಾತ್ರ ಹೊರಗೆ ತರಬಹುದು ಎನ್ನುತ್ತದೆ ಅದು. ಸಾಕ್ಷಿಗಳು, ಲೆಕ್ಕ ತಜ್ಞರು, ಸ್ಟೆನೋಗ್ರಾಫರ್ ಇವರ ಹೆಸರೇ ಅದರಲ್ಲಿಲ್ಲ. ಮುರಿದವರಿಗೆ ಏನು ಶಿಕ್ಷೆ ಎಂಬುದೂ ಇಲ್ಲ. ತಮಾಷೆಯೆಂದರೆ, ಅವಾರ್ಡ್ ಜಾರಿಗೆ ವಿನಾಯಿತಿ ಕೊಟ್ಟವರು ಅವಾರ್ಡ್ ಪ್ರಶ್ನಿಸುವುದಕ್ಕೆ ವಿನಾಯಿತಿ ಬರೆಯುವುದನ್ನು ಮರೆತರು. ಅಕ್ಷರಶಃ ಓದಿದರೆ ನಿಮ್ಮ ಎದುರಾಳಿ ಅರ್ಜಿ ಹಾಕಿದ್ದೇ ತಪ್ಪಾಗಬೇಕು! ಆದರೆ ಅವಾರ್ಡ್ ರದ್ದುಮಾಡಿ ಎಂದು ಕೋರ್ಟನ್ನು ಕೇಳಲು ಅದೇ ಕಾಯ್ದೆಯ ಸೆಕ್ಷನ್ 34 ಕೊಟ್ಟ ಹಕ್ಕನ್ನು 42ಎ ಕಿತ್ತುಕೊಂಡಿತು ಎಂದು ಯಾವ ನ್ಯಾಯಾಧೀಶರೂ ಓದಲಾರರು. ಅದೇ 2019ರ ತಿದ್ದುಪಡಿಯೇ, ಅವಾರ್ಡ್ ರದ್ದತಿಯ ಹಲವು ಕಾರಣಗಳನ್ನು ಆರ್ಬಿಟ್ರೇಷನ್‌ನ ದಾಖಲೆಯ ಆಧಾರದ ಮೇಲೇ ತೋರಿಸಬೇಕು ಎಂದೂ ಹೇಳಿತು. ಹಾಗಾಗಿ ದಾಖಲೆ ಕೋರ್ಟಿಗೆ ಬರುವುದನ್ನು ತಡೆಯಲಾಗದು. ಎಷ್ಟು ಬರಬೇಕು, ಬಂದಮೇಲೆ ಯಾರ ಕಣ್ಣಿಗೆ ಬೀಳಬೇಕು ಎಂಬುದಷ್ಟೇ ನಿಮ್ಮ ಕೈಯಲ್ಲಿರುವ ವಿಷಯ.

ಯಾರು ಬೇಕಾದರೂ ಫೈಲ್ ನೋಡಬಹುದು ಎಂಬ ಭಯ ಬೇಡ. ಹೊರಗಿನವರು ಪ್ರತಿ ಕೇಳಬೇಕಾದರೆ ಕಾರಣ ಬರೆದು ಅರ್ಜಿ ಹಾಕಬೇಕು. ಮಾಹಿತಿ ಹಕ್ಕಿನಡಿ ಕೇಳಿ ಪಡೆಯೋಣವೆಂದರೆ ಅದೂ ಆಗದು: ನ್ಯಾಯಾಂಗದ ಕಡತಗಳ ಪ್ರತಿಯನ್ನು ಹೈಕೋರ್ಟಿನ ನಿಯಮಗಳ ಮೂಲಕವೇ ಪಡೆಯಬೇಕೆಂದು ಗುಜರಾತ್ ಹೈಕೋರ್ಟಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ನನ್ನ ಅನುಭವದಲ್ಲಿ ಗುಟ್ಟು ಸೋರುವುದು ಕಡತದಿಂದಲ್ಲ, ತೀರ್ಪಿನಿಂದ. ನ್ಯಾಯಾಧೀಶರು ನಿಮ್ಮ ಒಂದು ಬಿಡಿಭಾಗದ ಅಸಲು ಖರ್ಚು, ಲಾಭದ ಅಂತರ ಎಲ್ಲವನ್ನೂ ಪ್ಯಾರಾ ಕಟ್ಟಿ ಬರೆದರೆ, ಅದು ವೆಬ್‌ಸೈಟಿಗೆ ಏರುತ್ತದೆ. ನಿಮ್ಮ ಪಕ್ಕದ ಶೆಡ್ಡಿನವರು ಮೊಬೈಲಿನಲ್ಲಿ ಓದುತ್ತಾರೆ. ಎರಡನೆಯ ತೂತು, ವಾದದ ಹೊತ್ತು. ವಕೀಲರು ಅಂಕಿಯನ್ನು ಗಟ್ಟಿಯಾಗಿ ಓದಬೇಕಾಗಿಲ್ಲ. ‘ಇಂಥ ಪುಟ, ಮೂರನೆಯ ಕಾಲಂ ನೋಡಬೇಕು’ ಎಂದರೆ ಸಾಕು. ಮುಂದೆ ಮೇಲ್ಮನವಿ ಹೈಕೋರ್ಟಿಗೆ ಹೋಗಿ ಕಲಾಪ ನೇರ ಪ್ರಸಾರವಾದರೆ, ಈ ಎಚ್ಚರಿಕೆ ಇನ್ನೂ ಮುಖ್ಯ.

ಹಾಗಾದರೆ ಕೋರ್ಟಿನಿಂದ ಏನು ಕೇಳಬಹುದು? ನಮ್ಮಲ್ಲಿ ನ್ಯಾಯಾಲಯ ತೆರೆದ ಜಾಗ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 153ಬಿ ಹಾಗೆಂದು ಹೇಳಿ, ಬೇಕಾದರೆ ಸಾರ್ವಜನಿಕರನ್ನು ಹೊರಗಿಡುವ ಅಧಿಕಾರವನ್ನೂ ನ್ಯಾಯಾಧೀಶರಿಗೆ ಕೊಡುತ್ತದೆ. 1966ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಮಿರಾಜ್ಕರ್ ಪ್ರಕರಣದಲ್ಲಿ ಇದನ್ನೇ ಚರ್ಚಿಸಿತು. ಅದರ ಮೂಲ ನಿಮ್ಮ ಅಳಲಿಗೆ ಹತ್ತಿರದ್ದೇ: ತನ್ನ ಸಾಕ್ಷ್ಯ ಪತ್ರಿಕೆಯಲ್ಲಿ ಬಂದು ವ್ಯಾಪಾರಕ್ಕೆ ಪೆಟ್ಟಾಯಿತು ಎಂದು ಸಾಕ್ಷಿಯೊಬ್ಬರು ಹೇಳಿಕೊಂಡಾಗ, ಅದನ್ನು ಪ್ರಕಟಿಸದಂತೆ ಬಾಂಬೆ ಹೈಕೋರ್ಟಿನ ನ್ಯಾಯಾಧೀಶರು ಬಾಯಿಮಾತಿನಲ್ಲಿ ಹೇಳಿದ್ದರು. ಆ ಆದೇಶ ಉಳಿಯಿತು. ಆದರೂ ಬಾಗಿಲು ತೆರೆದಿರುವುದೇ ನಿಯಮ, ಮುಚ್ಚುವುದು ಅಪವಾದ. ಸಿಂಗಪುರದಲ್ಲಿ ಆರ್ಬಿಟ್ರೇಷನ್‌ಗೆ ಸಂಬಂಧಿಸಿದ ಕೋರ್ಟು ಕಲಾಪವನ್ನು ಖಾಸಗಿಯಾಗಿ ನಡೆಸುವುದಕ್ಕೆ ಕಾನೂನಿನಲ್ಲೇ ಜಾಗವಿದೆ. ನಮ್ಮ 42ಎ ಕೋರ್ಟಿನ ಬಗ್ಗೆ ಬಾಯಿಬಿಡುವುದೇ ಇಲ್ಲ.

ಆದ್ದರಿಂದ ಇಡೀ ಕಡತವನ್ನು ಮೊಹರು ಮಾಡಿ ಎಂದು ಕೇಳಲು ಹೋಗಬೇಡಿ. ಕಾಗದವನ್ನು ಮೊಹರಾದ ಲಕೋಟೆಯಲ್ಲಿ ನ್ಯಾಯಾಧೀಶರಿಗಷ್ಟೇ ಕೊಡುವ ರೂಢಿಯ ಬಗ್ಗೆ ಸುಪ್ರೀಂ ಕೋರ್ಟಿಗೇ ಅಸಮಾಧಾನವಿದೆ. 2023ರ ಮೀಡಿಯಾ ಒನ್ ವಾಹಿನಿಯ ತೀರ್ಪು ಓದಿದರೆ ಗೊತ್ತಾಗುತ್ತದೆ. ಅಲ್ಲಿನ ಲಕೋಟೆಯ ಒಳಗಿದ್ದದ್ದು ಎದುರು ಪಕ್ಷಕ್ಕೂ ಕಾಣುತ್ತಿರಲಿಲ್ಲ, ನಿಮ್ಮದು ಹಾಗಲ್ಲ, ನಿಜ. ಆದರೂ ಮುನ್ನೂರು ಪುಟ ಮುಚ್ಚಿ ಎಂದವರಿಗಿಂತ ಹನ್ನೊಂದು ಪುಟ ಮುಚ್ಚಿ ಎಂದವರ ಮಾತಿಗೆ ಕಿವಿ ಸಿಗುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 151ರಡಿ ಅರ್ಜಿ ಹಾಕಿ. ಪುಟ ಸಂಖ್ಯೆ ಕೊಟ್ಟು, ಪ್ರತಿ ಪುಟಕ್ಕೂ ಬಯಲಾದರೆ ಏನು ನಷ್ಟ ಎಂದು ಒಂದೊಂದು ಸಾಲು ಬರೆಯಿರಿ. ಅಂಕಿಗಳಿಗೆ ಮಸಿ ಬಳಿದ ಪ್ರತಿ ಕಡತದಲ್ಲಿರಲಿ, ಪೂರ್ತಿ ಪ್ರತಿಯನ್ನು ನ್ಯಾಯಾಧೀಶರೂ ಎರಡೂ ಕಡೆಯ ವಕೀಲರೂ ಮಾತ್ರ ನೋಡಲಿ ಎಂದು ಕೋರಿ. ಆ ಅಂಕಿಗಳನ್ನು ತೀರ್ಪಿನಲ್ಲಿ ಎತ್ತಿ ಬರೆಯಬಾರದು ಎಂಬ ಕೋರಿಕೆಯನ್ನೂ ಅದರಲ್ಲೇ ಸೇರಿಸಿ. ತಡಮಾಡಬೇಡಿ, ವಾದ ಮುಗಿದಮೇಲೆ ಕೇಳಿದರೆ ಆ ಪುಟಗಳು ಆಗಲೇ ಹತ್ತು ಕೈ ದಾಟಿರುತ್ತವೆ. ನಿಮ್ಮ ದರಪಟ್ಟಿ ಅವರ ವಾದಕ್ಕೆ ನಿಜಕ್ಕೂ ಬೇಕೇ ಎಂದೂ ನೋಡಿ. ಬೇಡವಾದರೆ ಲಗತ್ತಿನಿಂದ ತೆಗೆಸಲು ಕೇಳುವುದೇ ಸುಲಭ.

ಬ್ಯಾಂಕಿನ ವಿಷಯ. ಸಾಲದ ಫೈಲಿಗೆ ಅವಾರ್ಡ್ ಕೊಡುವುದು 42ಎಯ ವಿನಾಯಿತಿಯಲ್ಲಿ ಬರುವುದಿಲ್ಲ. ಕೇಸಿನ ನಂಬರ್, ಪಕ್ಷಗಾರರ ಹೆಸರು ಇ-ಕೋರ್ಟ್ಸ್ ತಾಣದಲ್ಲಿ ಹೇಗೂ ಕಾಣುತ್ತವೆ, ಅಷ್ಟನ್ನು ಬರೆದುಕೊಡಿ. ಪೂರ್ತಿ ಪ್ರತಿಯೇ ಬೇಕೆಂದು ಮ್ಯಾನೇಜರ್ ಪಟ್ಟುಹಿಡಿದರೆ, ನಿಮ್ಮ ವಕೀಲರಿಂದ ಎದುರಾಳಿಯ ವಕೀಲರಿಗೆ ಪತ್ರ ಬರೆಸಿ ಲಿಖಿತ ಒಪ್ಪಿಗೆ ಪಡೆಯಿರಿ. ಅವರು ಒಪ್ಪದಿದ್ದರೆ ಕೋರ್ಟಿನ ಅನುಮತಿ ಕೇಳಿ, ಅದು ಸಿಗುವವರೆಗೆ ಪ್ರತಿ ಕೊಡಬೇಡಿ.